ಅಪ್ಪನ ಹಾರ್ಟ್ ಆಪರೇಷನ್‌ಗೆ ಯಾವ ಬಾಟ್ಲಿ ಹಾಕ್ತೀರಿ ಸಾರ್?

ಹೋದ ಭಾನುವಾರ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ನಲವತ್ತು ನಿಮಿಷ ಕೂತು ಕೇಳೋಕೆ ಪುರುಸೊತ್ತಿಲ್ಲ, ಬರೆದು ಹಾಕಿ, ಮೆಟ್ರೋದಲ್ಲಿ ಓದ್ಕೋತೀವಿ ಅಂತ ನಿಮ್ಮಲ್ಲಿ ಬಹಳ ಜನ ಕೇಳ್ತೀರಿ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ವಿಷಯಾನೂ ಇಲ್ಲಿ ಸೇರಿಸಿದೀನಿ.

ಹೊಸಬರಿಗೆ ಪರಿಚಯ: ನಾನು ಹೃದಯದ ಆಪರೇಷನ್‌ಗಳಿಗೆ ಅರಿವಳಿಕೆ ಕೊಡೋ ಡಾಕ್ಟರ್. ಹುಟ್ಟೂರು ರಾಯಚೂರು ಕಡೆ, ಕೆಲಸ ಹೈದರಾಬಾದಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಜನ ದೊಡ್ಡ ಕಾಯಿಲೆಗೆ ಹೈದರಾಬಾದಿಗೆ ಬರೋದು ನಿಜಾಮರ ಕಾಲದಿಂದ ಬಂದ ರೂಢಿ. ಈಗ ಕಲಬುರಗಿಯಲ್ಲೇ ಜಯದೇವ ಆಸ್ಪತ್ರೆ ಇದೆ. ಆದ್ರೂ ಮಗ ಗಚ್ಚಿಬೌಲಿಯಲ್ಲಿ ಕೆಲಸದಲ್ಲಿದ್ದಾನೆ, ಸೊಸೆ ಮಾಧಾಪುರದಲ್ಲಿದ್ದಾಳೆ ಅಂದ್ರೆ ಅಪ್ಪ ಅಮ್ಮ ಇಲ್ಲಿಗೇ ಬರ್ತಾರೆ. ಹಾಗಾಗಿ ನನ್ನ ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ವಾರಕ್ಕೊಂದಾದ್ರೂ ಕನ್ನಡ ಕೇಳಿಸತ್ತೆ.

ಸ್ವಲ್ಪ ದಿನದ ಹಿಂದೆ ಸಿಂಧನೂರಿನ ಒಬ್ಬ ಹಿರಿಯರು ಬಂದ್ರು. 66 ವರ್ಷ, ಮೂರು ರಕ್ತನಾಳ ಕಟ್ಟಿಕೊಂಡಿವೆ, ಜೊತೆಗೆ ಒಂದು ವಾಲ್ವ್ ಕೂಡ ಕೆಟ್ಟಿದೆ. ಆಪರೇಷನ್ನಿನ ಹಿಂದಿನ ಸಂಜೆ ಮಗ ಬಂದು ನನ್ನೆದುರು ಕೂತ. ಸಾಫ್ಟ್‌ವೇರ್ ಹುಡುಗ, ಫೋನಲ್ಲಿ ಒಂದು ಪಟ್ಟಿ ಮಾಡ್ಕೊಂಡಿದ್ದ. ಸರ್ಜನ್ ಬಗ್ಗೆ, ವಾಲ್ವ್ ಬಗ್ಗೆ ಎಲ್ಲಾ ಕೇಳಿ ಆಗಿತ್ತು. ಕೊನೇ ಸಾಲು ನನಗೆ. "ಸಾರ್, ಡ್ರಿಪ್ಪಿಗೆ ಸಾದಾ ಸಲೈನ್ ಹಾಕಬೇಡಿ. ಆಲ್ಬುಮಿನ್ ಒಳ್ಳೇದಂತೆ, ಓದಿದೀನಿ. ದುಡ್ಡಿನ ಚಿಂತೆ ಮಾಡಬೇಡಿ, ಎಷ್ಟು ಬಾಟ್ಲಿ ಬೇಕೋ ತಂದುಕೊಡ್ತೀನಿ."

ನನಗೆ ಆ ಹುಡುಗನ ಮೇಲೆ ಸಿಟ್ಟು ಬರಲಿಲ್ಲ. ಹತ್ತು ವರ್ಷ ಊರಿಂದ ದೂರ ಇದ್ದವನಿಗೆ ಅಪ್ಪನಿಗೋಸ್ಕರ ಏನಾದ್ರೂ ಮಾಡಬೇಕು ಅನ್ನೋ ಸಂಕಟ ಇರತ್ತೆ, ಅದು ಕೊನೆಗೆ ದುಬಾರಿ ಬಾಟ್ಲಿಯ ರೂಪದಲ್ಲಿ ಹೊರಗೆ ಬರತ್ತೆ. ಸಲೈನ್ ಬಾಟ್ಲಿಗೆ ಹತ್ತಾರು ರೂಪಾಯಿ, ಆಲ್ಬುಮಿನ್ ಬಾಟ್ಲಿಗೆ ಸಾವಿರಾರು. ಬೆಲೆ ಹೆಚ್ಚಿದ್ರೆ ಗುಣಾನೂ ಹೆಚ್ಚಿರಬೇಕು ಅಂತ ಅನ್ಸೋದು ಸಹಜ. ಅವನಿಗೆ ಆ ಸಂಜೆ ಹೇಳಿದ್ದನ್ನೇ ಇಲ್ಲಿ ಇನ್ನೊಂಚೂರು ಬಿಡಿಸಿ ಹೇಳ್ತೀನಿ.

ಮೊದಲು ಹೆಸರಿನ ಗೊಂದಲ ತೀರಿಸ್ಕೊಳ್ಳೋಣ. ನಮ್ಮ ರಾಯಚೂರು ಕಡೆ "ಸಲೈನ್ ಹಚ್ಚಿದ್ರು" ಅಂತಾರೆ, ಮೈಸೂರು ಕಡೆ "ಗ್ಲೂಕೋಸ್ ಹಾಕಿಸಿದ್ವಿ" ಅಂತಾರೆ, ಇಲ್ಲಿ ತೆಲುಗರು "ಸೆಲೈನ್ ಎಕ್ಕಿಂಚಾರು" ಅಂತಾರೆ. ಮೂವರೂ ಒಂದೇ ಬಾಟ್ಲಿ ತೋರಿಸ್ತಿದ್ದಾರೆ ಅನ್ಕೊಂಡ್ರೆ ತಪ್ಪು. ಒಳಗಿರೋದು ಬೇರೆ ಬೇರೆ, ದೇಹದಲ್ಲಿ ಅದು ಹೋಗಿ ಸೇರೋ ಜಾಗಾನೂ ಬೇರೆ ಬೇರೆ.

70 ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 42 ಲೀಟರ್ ನೀರಿರತ್ತೆ. ಅದರಲ್ಲಿ ಮೂರನೇ ಎರಡು ಪಾಲು ಜೀವಕೋಶಗಳ ಒಳಗೆ. ಹೊರಗಿರೋದು 14 ಲೀಟರ್, ಅದರಲ್ಲೂ ರಕ್ತನಾಳದ ಒಳಗೆ ಪ್ಲಾಸ್ಮಾ ಆಗಿ ಓಡಾಡೋದು ಬರೀ 3 ಲೀಟರ್. ಕೆಂಪು ರಕ್ತಕಣಗಳನ್ನೂ ಸೇರಿಸಿದ್ರೆ ರಕ್ತ 5 ಲೀಟರ್ ಆಸುಪಾಸು. ನಮಗೆ ಬೇಕಿರೋದು ಹಾಕಿದ ದ್ರಾವಣ ಈ ರಕ್ತನಾಳದ ಒಳಗೇ ಉಳಿಬೇಕು ಅನ್ನೋದು. 5% ಗ್ಲೂಕೋಸ್ ಹಾಕಿದ್ರೆ ದೇಹ ಸಕ್ಕರೆಯನ್ನ ಬಳಸ್ಕೊಂಡುಬಿಡತ್ತೆ, ಉಳಿಯೋದು ಬರೀ ನೀರು. ಅದು 42 ಲೀಟರಿನ ಪೂರ್ತಿ ಕೆರೆಗೆ ಹರಡತ್ತೆ. ಒಂದು ಲೀಟರ್ ಹಾಕಿದ್ರೆ ರಕ್ತನಾಳದಲ್ಲಿ ನಿಲ್ಲೋದು ನೂರು ಎಂಎಲ್ ಕೂಡ ಇಲ್ಲ. ಸಕ್ಕರೆ ಏರತ್ತೆ, ಮಿದುಳಿನ ಜೀವಕೋಶ ಊದಬಹುದು. ಹಾಗಾಗಿ ಹೃದಯದ ಆಪರೇಷನ್ನಿನಲ್ಲಿ ರಕ್ತದ ಪ್ರಮಾಣ ತುಂಬಿಸೋಕೆ ಗ್ಲೂಕೋಸ್ ಬಾಟ್ಲಿ ಬಳಸೋದಿಲ್ಲ. ಉಪ್ಪಿನ ದ್ರಾವಣ ಹಾಗಲ್ಲ, ಅದು ಜೀವಕೋಶದ ಹೊರಗಿನ 14 ಲೀಟರಿನಲ್ಲೇ ಉಳಿಯತ್ತೆ. ಲೀಟರಿಗೆ ಕಾಲು ಭಾಗದಷ್ಟು ರಕ್ತನಾಳದಲ್ಲಿ ಉಳಿಯತ್ತೆ ಅನ್ನೋದು ಪುಸ್ತಕದ ಲೆಕ್ಕ.

ಈಗ ಉಪ್ಪಿನ ವಿಷಯ. ನಾರ್ಮಲ್ ಸಲೈನ್ ಅಂದ್ರೆ ಲೀಟರ್ ನೀರಿಗೆ 9 ಗ್ರಾಂ ಉಪ್ಪು. ಹೆಸರು ನಾರ್ಮಲ್, ಅದರಲ್ಲಿ ನಾರ್ಮಲ್ ಏನೂ ಇಲ್ಲ. ನಮ್ಮ ರಕ್ತದಲ್ಲಿ ಸೋಡಿಯಂ 140, ಕ್ಲೋರೈಡ್ 100ರ ಸುತ್ತಮುತ್ತ ಇರತ್ತೆ. ಸಲೈನಿನಲ್ಲಿ ಎರಡೂ 154. ಸೋಡಿಯಂ ಸ್ವಲ್ಪ ಹೆಚ್ಚು, ಕ್ಲೋರೈಡ್ ಅರ್ಧಕ್ಕರ್ಧ ಹೆಚ್ಚು. ಒಂದು ಬಾಟ್ಲಿಗೆ ಏನೂ ಆಗಲ್ಲ. ಮೂರು ನಾಲ್ಕು ಲೀಟರ್ ಹೋದ್ರೆ ರಕ್ತ ಆಮ್ಲೀಯ ಆಗ್ತಾ ಹೋಗತ್ತೆ, ಕಿಡ್ನಿಗೆ ಹೋಗೋ ರಕ್ತನಾಳ ಬಿಗಿಯೋ ಸಾಧ್ಯತೆ ಇರತ್ತೆ.

ಇದಕ್ಕೆ ಬದಲಿ ರಿಂಗರ್ ಲ್ಯಾಕ್ಟೇಟ್, ಆಸ್ಪತ್ರೆ ಭಾಷೆಯಲ್ಲಿ ಆರ್‌ಎಲ್. ಇದರ ಕಥೆ ಶುರುವಾಗೋದೇ ಹೃದಯದಿಂದ. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನ ಹೊರಗೆ ತೆಗೆದು ಉಪ್ಪುನೀರಲ್ಲಿಟ್ಟು ಬಡಿತ ನೋಡ್ತಿದ್ದ. ಬಡಿತ ಚೆನ್ನಾಗೇ ಇತ್ತು. ಆಮೇಲೆ ಗೊತ್ತಾಯ್ತು, ಸಹಾಯಕ ಶುದ್ಧ ಮಾಡಿದ ನೀರು ಹಾಕೋ ಬದಲು ನಲ್ಲಿ ನೀರು ಹಾಕಿದ್ದ. ಶುದ್ಧ ನೀರಲ್ಲಿ ಮಾಡಿ ನೋಡಿದ್ರೆ ಬಡಿತ ನಿಲ್ಲುತ್ತಾ ಬಂತು. ನಲ್ಲಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಹೃದಯಕ್ಕೆ ಬೇಕಿತ್ತು. ಪ್ರೊಡಕ್ಷನ್ನಲ್ಲಿ ಓಡ್ತಿದ್ದದ್ದು ಟೆಸ್ಟ್ ಸರ್ವರಿನಲ್ಲಿ ಯಾಕೆ ಓಡಲ್ಲ ಅಂತ ತಲೆ ಕೆರ್ಕೊಂಡು, ಕೊನೆಗೆ ಯಾರೂ ಬರೆದಿಡದ ಒಂದು ಸೆಟ್ಟಿಂಗ್ ಸಿಕ್ಕೋದು ನಿಮಗೆ ಹೊಸದಲ್ಲ. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದ. ಲ್ಯಾಕ್ಟೇಟನ್ನ ಲಿವರ್ ಬೈಕಾರ್ಬೋನೇಟ್ ಮಾಡತ್ತೆ, ರಕ್ತ ಆಮ್ಲೀಯ ಆಗೋದು ತಪ್ಪತ್ತೆ. ಇನ್ನೂ ಮುಂದೆ ಹೋದ್ರೆ ಪ್ಲಾಸ್ಮಾಲೈಟ್ ಥರದ್ದು: ಸೋಡಿಯಂ 140, ಕ್ಲೋರೈಡ್ 98, ರಕ್ತಕ್ಕೆ ಬಹಳ ಹತ್ತಿರ. ಲ್ಯಾಕ್ಟೇಟ್ ಬದಲು ಅಸಿಟೇಟ್ ಮತ್ತು ಗ್ಲುಕೋನೇಟ್. ಆರ್‌ಎಲ್‌ಗಿಂತ ದುಬಾರಿ.

ಹಾಗಿದ್ರೆ ಸಲೈನ್ ವಿಷವಾ? ಅಷ್ಟು ಸುಲಭ ಇಲ್ಲ. 2018ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್‌ನಲ್ಲಿ ಐಸಿಯುನ 15,802 ರೋಗಿಗಳ ಮೇಲೆ ಹೋಲಿಸಿದರು. ಸಾವು, ಡಯಾಲಿಸಿಸ್, ಕಿಡ್ನಿ ಹಾನಿ ಮೂರನ್ನೂ ಸೇರಿಸಿ ನೋಡಿದ್ರೆ ಸಲೈನ್ ಗುಂಪಿನಲ್ಲಿ 15.4%, ಸಮತೋಲಿತ ದ್ರಾವಣದ ಗುಂಪಿನಲ್ಲಿ 14.3%. ಆಮೇಲೆ 2021ರಲ್ಲಿ ಬ್ರೆಜಿಲ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, 2022ರಲ್ಲಿ ಆಸ್ಟ್ರೇಲಿಯಾ ನ್ಯೂಜಿಲೆಂಡ್‌ನಲ್ಲಿ ಐದು ಸಾವಿರ ಜನರ ಮೇಲೆ ಮಾಡಿದಾಗ 90 ದಿನದ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನನ್ನ ಅಭಿಪ್ರಾಯ: ವ್ಯತ್ಯಾಸ ಇದ್ರೂ ಸಣ್ಣದು. ಆದ್ರೆ ಹೃದಯದ ಆಪರೇಷನ್ನಿನಲ್ಲಿ ಲೀಟರ್‌ಗಟ್ಟಲೆ ಹೋಗತ್ತೆ, ಕಿಡ್ನಿ ಮೊದಲೇ ಸುಸ್ತಾಗಿರತ್ತೆ, ಆರ್‌ಎಲ್ ಬೆಲೆಯೂ ಸಲೈನಿನ ಆಸುಪಾಸೇ ಇದೆ. ಹಾಗಿರುವಾಗ ಸಲೈನನ್ನೇ ಹಿಡ್ಕೊಂಡು ಕೂರೋಕೆ ಕಾರಣ ಇಲ್ಲ. ರಕ್ತ ಕೊಡುವಾಗ ಮಾತ್ರ ಅದೇ ನಳಿಕೆಯಲ್ಲಿ ಆರ್‌ಎಲ್ ಬೇಡ. ಅದರ ಕ್ಯಾಲ್ಸಿಯಂನಿಂದ ಬ್ಲಡ್ ಬ್ಯಾಗಿನ ರಕ್ತ ಹೆಪ್ಪುಗಟ್ಟಬಹುದು, ಅಲ್ಲಿ ಸಲೈನೇ ಸರಿ.

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ. ಆಲ್ಬುಮಿನ್ ಅಂದ್ರೆ ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರೋಟೀನ್. ದೊಡ್ಡ ಅಣು, ರಕ್ತನಾಳದಿಂದ ಬೇಗ ಸೋರಲ್ಲ, ನೀರನ್ನ ಒಳಗೇ ಹಿಡಿದಿಡತ್ತೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ತೊಂದರೆ ಏನಂದ್ರೆ ಹಾರ್ಟ್ ಲಂಗ್ ಮೆಷಿನ್ನಿಗೆ ಹಾಕಿದ ದೇಹದ ರಕ್ತನಾಳ ಕಾಗದದ ಮೇಲಿನ ರಕ್ತನಾಳ ಅಲ್ಲ. ರಕ್ತ ಪ್ಲಾಸ್ಟಿಕ್ ನಳಿಕೆಗಳಲ್ಲಿ ಓಡಿ ಉರಿಯೂತ ಎದ್ದಿರತ್ತೆ, ನಾಳದ ಒಳಪದರ ಕೆಟ್ಟಿರತ್ತೆ, ಆಲ್ಬುಮಿನ್ ಕೂಡ ಸೋರತ್ತೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸುಮಾರು 1400 ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳಲ್ಲಿ ಅರ್ಧ ಜನಕ್ಕೆ 4% ಆಲ್ಬುಮಿನ್, ಇನ್ನರ್ಧಕ್ಕೆ ರಿಂಗರ್ ಅಸಿಟೇಟ್ ಕೊಟ್ಟು ನೋಡಿದರು. ಫಲಿತಾಂಶ 2022ರಲ್ಲಿ ಬಂತು. ಒಟ್ಟು ತೊಂದರೆಗಳು ಆಲ್ಬುಮಿನ್‌ನಿಂದ ಕಡಿಮೆ ಆಗಲಿಲ್ಲ. ಹೃದಯದ ಸ್ನಾಯುವಿಗೆ ಆಗೋ ಹಾನಿ ಸ್ವಲ್ಪ ಕಡಿಮೆ ಕಂಡಿತು, ರಕ್ತಸ್ರಾವ ಮತ್ತು ಸೋಂಕು ಸ್ವಲ್ಪ ಹೆಚ್ಚು ಕಂಡಿತು. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ತರೋಕೆ ಇದು ಸಾಕಾಗೋ ಕಾರಣ ಅಲ್ಲ. ಪುಟ್ಟ ಮಕ್ಕಳ ಆಪರೇಷನ್‌ನಲ್ಲಿ, ಲಿವರ್ ಕೆಟ್ಟು ಆಲ್ಬುಮಿನ್ ತಳ ಕಂಡವರಲ್ಲಿ, ಆಗಲೇ ಬಹಳ ಆರ್‌ಎಲ್ ಹೋಗಿರುವಾಗ ನಾನೂ ಆಲ್ಬುಮಿನ್ ಬಳಸ್ತೀನಿ. ಎಲ್ಲರಿಗೂ, ಮೊದಲ ಬಾಟ್ಲಿಯಿಂದಲೇ, ಅಲ್ಲ.

ಇಲ್ಲಿ ನನ್ನದೇ ಒಂದು ವಿಷಯ ಹೇಳಬೇಕು. ನಾನು ಕಲೀತಿದ್ದ ಕಾಲಕ್ಕೆ, 2010ರ ಆಸುಪಾಸು, ಆಲ್ಬುಮಿನ್ ದುಬಾರಿ ಅಂತ ನಾವೆಲ್ಲ ಸ್ಟಾರ್ಚ್ ಹಾಕ್ತಿದ್ವಿ. ಹೈಡ್ರಾಕ್ಸಿಈಥೈಲ್ ಸ್ಟಾರ್ಚ್, ಜೋಳದ ಅಥವಾ ಆಲೂಗಡ್ಡೆಯ ಪಿಷ್ಟದಿಂದ ಮಾಡಿದ್ದು. ಬಿಪಿ ಬಿತ್ತು, ಸ್ಟಾರ್ಚ್ ಬಾಟ್ಲಿ ಹಾಕು, ಬಿಪಿ ಬಂತು, ಎಲ್ಲರಿಗೂ ಖುಷಿ. ಒಬ್ಬ ಅಜ್ಜಿಗೆ ನಾನೇ ಎರಡು ಬಾಟ್ಲಿ ಹಾಕಿದ್ದೆ. ರಾತ್ರಿ ಎದೆಯ ಡ್ರೈನಿನಲ್ಲಿ ರಕ್ತ ನಿಲ್ಲಲೇ ಇಲ್ಲ, ಬೆಳಿಗ್ಗೆ ಕ್ರಿಯಾಟಿನಿನ್ ಏರಿತ್ತು. ಅಜ್ಜಿ ಹುಷಾರಾದರು, ಆದ್ರೆ ಎರಡು ವಾರ ಹಿಡೀತು. ಸ್ಟಾರ್ಚೇ ಕಾರಣ ಅಂತ ಒಬ್ಬರ ಮೇಲೆ ನೋಡಿ ಹೇಳೋಕಾಗಲ್ಲ. ಆದ್ರೆ ನಾನು ಅದನ್ನ ಅಷ್ಟು ಧೈರ್ಯವಾಗಿ ಹಾಕೋಕೆ ಕಾರಣವಾದ ಪ್ರಬಂಧಗಳ ಗತಿ ಕೇಳಿ.

ಜರ್ಮನಿಯ ಯೋಆಖಿಮ್ ಬೋಲ್ಟ್ ಅನ್ನೋ ಅರಿವಳಿಕೆ ತಜ್ಞ ಈ ವಿಷಯದ ದೊಡ್ಡ ಹೆಸರು. 2009ರ ಕೊನೆಗೆ ಒಂದು ಪ್ರಬಂಧ ಬಂತು, ಅದೂ ಹಾರ್ಟ್ ಲಂಗ್ ಮೆಷಿನ್ನಿಗೆ ತುಂಬೋ ದ್ರಾವಣದ ಬಗ್ಗೇನೇ, ಆಲ್ಬುಮಿನ್‌ಗೆ ಎದುರಾಗಿ ಸ್ಟಾರ್ಚ್. ಓದಿದವರಲ್ಲಿ ಕೆಲವರಿಗೆ ಅಂಕಿಗಳು ಅತಿ ಚೊಕ್ಕವಾಗಿವೆ ಅನ್ನಿಸ್ತು. ನಿಜವಾದ ರೋಗಿಗಳ ಅಂಕಿ ಅಷ್ಟು ಒಂದೇ ಥರ ಇರಲ್ಲ. ಲಾಗ್ ಫೈಲ್ ನೋಡಿ "ಇದು ಯಾರೋ ಕೈಯಲ್ಲಿ ಬರೆದದ್ದು" ಅಂತ ನಿಮಗೆ ಅನ್ನಿಸತ್ತಲ್ಲ, ಹಾಗೆ. ಸಂಪಾದಕರಿಗೆ ಬರೆದರು, ತನಿಖೆ ಆಯ್ತು, ಅಂಥ ಅಧ್ಯಯನ ನಡೆದಿದ್ದಕ್ಕೆ ದಾಖಲೆಯೇ ಸಿಗಲಿಲ್ಲ. 2010ರಲ್ಲಿ ಪ್ರಬಂಧ ವಾಪಸ್, ಕೆಲಸವೂ ಹೋಯ್ತು. 2011ರಲ್ಲಿ ಅವರ 80ಕ್ಕೂ ಹೆಚ್ಚು ಪ್ರಬಂಧಗಳನ್ನ ಪತ್ರಿಕೆಗಳು ಹಿಂತೆಗೆದವು. 2013ರಲ್ಲಿ ಒಂದು ತಂಡ ಎಲ್ಲಾ ಅಧ್ಯಯನಗಳನ್ನ ಒಟ್ಟುಗೂಡಿಸಿ, ಬೋಲ್ಟ್ ಅವರ ಏಳನ್ನ ಪಕ್ಕಕ್ಕಿಟ್ಟು ಲೆಕ್ಕ ಹಾಕಿತು. ತೀವ್ರ ಅಸ್ವಸ್ಥರಲ್ಲಿ ಸ್ಟಾರ್ಚಿನಿಂದ ಸಾವೂ ಹೆಚ್ಚು, ಕಿಡ್ನಿ ವೈಫಲ್ಯವೂ ಹೆಚ್ಚು ಅಂತ ಬಂತು. ಅದೇ ವರ್ಷ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹಾಕ್ತು. ಮೆಷಿನ್ ಬಳಸಿ ಮಾಡೋ ಹೃದಯದ ಆಪರೇಷನ್ನಿನಲ್ಲಿ ರಕ್ತಸ್ರಾವ ಹೆಚ್ಚಾಗತ್ತೆ ಅಂತ ಅದರಲ್ಲಿ ಬೇರೆಯಾಗಿಯೇ ಬರೆದಿದೆ. ಆ ಅಜ್ಜಿಯ ಡ್ರೈನ್ ಬಾಟ್ಲಿ ನನಗೆ ಆಗ ನೆನಪಾಯ್ತು.

ಹೈದರಾಬಾದಿಗೂ ಇಂಥದ್ದೊಂದು ಕಥೆ ಇದೆ, ಅದರಲ್ಲಿ ಮೋಸ ಇಲ್ಲ, ಬರೀ ಅತಿ ವಿಶ್ವಾಸ. 1888 ಮತ್ತು 1889ರಲ್ಲಿ ನಿಜಾಮರ ದುಡ್ಡಿನಲ್ಲಿ ಇಲ್ಲಿ ಕ್ಲೋರೋಫಾರ್ಮ್ ಆಯೋಗ ಕೂತಿತು. ಎಡ್ವರ್ಡ್ ಲಾರಿ ಅನ್ನೋ ಸರ್ಜನ್ ಮುಂದಾಳು, ನೂರಾರು ನಾಯಿಗಳ ಮೇಲೆ ಪ್ರಯೋಗ. ಕ್ಲೋರೋಫಾರ್ಮ್ ಹೃದಯವನ್ನ ನೇರವಾಗಿ ನಿಲ್ಲಿಸಲ್ಲ, ಉಸಿರು ನೋಡ್ಕೊಂಡ್ರೆ ಸಾಕು ಅಂತ ತೀರ್ಮಾನ. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳಲ್ಲಿ ಅದು ಹೃದಯದ ಲಯವನ್ನೇ ಕೆಡಿಸಿ ಕೊಲ್ಲಬಲ್ಲದು ಅಂತ ತೋರಿಸಿದ. ನಾನು ಕೆಲಸ ಮಾಡೋ ಊರಿನ ಹೆಸರು ನನ್ನ ವಿಷಯದ ಪುಸ್ತಕದಲ್ಲಿ ಬರೋದು ಹೀಗೆ!

ಮಗನಿಗೆ ಆಮೇಲೆ ಹೇಳಿದ್ದು ಇದು: ಯಾವ ಬಾಟ್ಲಿ ಅನ್ನೋದಕ್ಕಿಂತ ಎಷ್ಟು ಬಾಟ್ಲಿ ಅನ್ನೋದೇ ನನಗೆ ದೊಡ್ಡ ತಲೆನೋವು. ಮೆಷಿನ್ನಿನ ನಳಿಕೆಗಳನ್ನ ಖಾಲಿ ಬಿಡೋ ಹಾಗಿಲ್ಲ, ಗಾಳಿ ಹೋದ್ರೆ ಮುಗೀತು. ಅದನ್ನ ತುಂಬೋಕೆ 1.4 ಲೀಟರ್ ಬೇಕು ಅಂದ್ಕೊಳ್ಳಿ. ನಿಮ್ಮಪ್ಪನ 5 ಲೀಟರ್ ರಕ್ತದಲ್ಲಿ ಕೆಂಪುಕಣದ ಪಾಲು 40%. ಆರ್‌ಎಲ್ ಸೇರಿದ ಕೂಡಲೇ ಅದು 31ಕ್ಕೆ ಇಳಿಯತ್ತೆ. ಪರವಾಗಿಲ್ಲ. ಅದೇ 45 ಕಿಲೋ ತೂಕದ, ರಕ್ತಹೀನತೆ ಇರೋ ನಮ್ಮೂರಿನ ಹೆಣ್ಣುಮಗಳನ್ನ ತಗೊಳ್ಳಿ. ರಕ್ತವೇ 3 ಲೀಟರ್, ಕೆಂಪುಕಣ 30%. ಅದೇ 1.4 ಲೀಟರ್ ಸೇರಿದ್ರೆ 20ಕ್ಕೆ ಬಂದು ನಿಲ್ಲತ್ತೆ, ರಕ್ತ ಕೊಡಲೇಬೇಕು ಅನ್ನೋ ಮಟ್ಟ. ಒಂದೇ ದ್ರಾವಣ, ಒಂದೇ ಪ್ರಮಾಣ, ಇಬ್ಬರಿಗೆ ಎರಡು ಪರಿಣಾಮ. ಅದಕ್ಕೇ ಪರ್ಫ್ಯೂಷನಿಸ್ಟ್ ಚಿಕ್ಕ ಸರ್ಕ್ಯೂಟ್ ಆರಿಸ್ತಾರೆ, ಅಥವಾ ರೋಗಿಯ ರಕ್ತವನ್ನೇ ನಿಧಾನ ನಳಿಕೆಗೆ ಬಿಟ್ಟು ಒಳಗಿನ ದ್ರಾವಣವನ್ನ ಹೊರಗೆ ತೆಗೀತಾರೆ. ಮನೆಯವರು ನೋಡದ, ಬಿಲ್ಲಿನಲ್ಲೂ ಎದ್ದು ಕಾಣದ ಈ ಕೆಲಸ ದುಬಾರಿ ಬಾಟ್ಲಿಗಿಂತ ಹೆಚ್ಚು ಉಪಕಾರಿ.

ಆಪರೇಷನ್ ಮುಗಿದು ಐಸಿಯುಗೆ ಬಂದ ಮೇಲಿನ ರಾತ್ರಿ ಇನ್ನೂ ಕಷ್ಟ. ತಣ್ಣಗಿದ್ದ ದೇಹ ಬೆಚ್ಚಗಾಗ್ತಾ ರಕ್ತನಾಳಗಳು ಅಗಲ ಆಗ್ತವೆ, ಬಿಪಿ ಬೀಳತ್ತೆ. ಕೈ ತಾನಾಗೇ ಬಾಟ್ಲಿ ಕಡೆ ಹೋಗತ್ತೆ. ಆದ್ರೆ ಬಿಪಿ ಬೀಳೋಕೆ ಬೇರೆ ಕಾರಣಗಳೂ ಇವೆ. ನಾಳ ಸಡಿಲ ಆಗಿದ್ರೆ ನಾರ್‌ಅಡ್ರಿನಲಿನ್ ಬೇಕು. ಹೃದಯ ಸೋತಿದ್ರೆ ಬಾಟ್ಲಿ ಹಾಕಿದಷ್ಟೂ ಇನ್ನೂ ಸೋಲತ್ತೆ. ಹೃದಯದ ಸುತ್ತ ರಕ್ತ ಕಟ್ಟಿಕೊಂಡಿದ್ರೆ ಸರ್ಜನ್ನನ್ನ ಎಬ್ಬಿಸಬೇಕು. ಸರ್ವರ್ ನಿಧಾನ ಆಯ್ತು ಅಂದ ಕೂಡಲೇ ರ‍್ಯಾಮ್ ಸೇರಿಸೋರನ್ನ ನೀವು ನೋಡಿದೀರಲ್ಲ! ನಾವು ಮಾಡೋ ಸುಲಭ ಪರೀಕ್ಷೆ ಒಂದಿದೆ: ಮಲಗಿರೋ ರೋಗಿಯ ಕಾಲುಗಳನ್ನ ಮೇಲಕ್ಕೆತ್ತೋದು. ಕಾಲಿನ ರಕ್ತ ಹೃದಯಕ್ಕೆ ಬರತ್ತೆ, ಅವರದೇ ರಕ್ತದ ಒಂದು ಲೋಟ ಪುಕ್ಕಟೆ ಹಾಕಿದ ಹಾಗೆ. ಹೃದಯ ಹೊರಹಾಕೋ ರಕ್ತ ಹೆಚ್ಚಾಯ್ತಾ? 250 ಎಂಎಲ್ ಹಾಕಿ, ಮತ್ತೆ ನೋಡು. ಏನೂ ಬದಲಾಗಲಿಲ್ವಾ? ಕಾಲು ಇಳಿಸು, ಬೇರೆ ಕಾರಣ ಹುಡುಕು. ಹೆಚ್ಚಾದ ನೀರು ಎಲ್ಲೂ ಮಾಯ ಆಗಲ್ಲ. ಶ್ವಾಸಕೋಶದಲ್ಲಿ ಕೂತು ವೆಂಟಿಲೇಟರ್ ದಿನ ಹೆಚ್ಚಿಸತ್ತೆ, ಕಿಡ್ನಿಯಲ್ಲಿ ಕೂತು ಮೂತ್ರ ಕಡಿಮೆ ಮಾಡತ್ತೆ. ಮೂತ್ರ ಕಡಿಮೆ ಅಂತ ಯಾರೋ ಮತ್ತೊಂದು ಬಾಟ್ಲಿ ಹಾಕ್ತಾರೆ.

ವಿಡಿಯೋ ಕೆಳಗೆ ಬಹಳ ಜನ ಬಳ್ಳಾರಿ ವಿಷಯ ಕೇಳಿದ್ರಿ. 2024ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಅನುಮಾನ ಹೋಗಿದ್ದು ಆರ್‌ಎಲ್ ಬಾಟ್ಲಿಗಳ ಮೇಲೆ. ಸರ್ಕಾರ ಆ ಕಂಪನಿಯ ದ್ರಾವಣ ಬಳಸೋದನ್ನ ನಿಲ್ಲಿಸಿತು. ಆಗಿನಿಂದ ಕೆಲವರಿಗೆ ಆರ್‌ಎಲ್ ಅಂದ್ರೇ ಭಯ. ಪಾಕವಿಧಾನ ತಪ್ಪಲ್ಲ ಸ್ವಾಮಿ, ಮಾಡಿದ ಅಡುಗೆ ಕೆಟ್ಟಿದ್ರೆ ಅದು ಬೇರೆ ಪ್ರಶ್ನೆ. ಆ ಪ್ರಶ್ನೆ ಸಲೈನಿಗೂ ಅಷ್ಟೇ, ದುಬಾರಿ ಬಾಟ್ಲಿಗೂ ಅಷ್ಟೇ. ಬಾಟ್ಲಿಯ ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೀತೀರಾ ಅಂತ ಕೇಳೋದು ಉದ್ಧಟತನ ಏನಲ್ಲ.

ಹಾಗಿದ್ರೆ ಮನೆಯವರು ಏನು ಮಾಡಬೇಕು? ಬಾಟ್ಲಿಯ ಹೆಸರು ಹೇಳೋ ಬದಲು ನಮಗೆ ಮಾಹಿತಿ ಕೊಡಿ. ಕ್ರಿಯಾಟಿನಿನ್ ಹಳೇ ರಿಪೋರ್ಟ್, ಆಂಜಿಯೋಗ್ರಾಮ್ ಯಾವತ್ತು ಆಯ್ತು, ಮೂತ್ರದ ಮಾತ್ರೆ ತಗೋತಾರಾ, ಊತ ಇಲ್ಲದಾಗ ತೂಕ ಎಷ್ಟಿತ್ತು, ಊರಲ್ಲಿ ತಗೊಂಡ ಯಾವ ಔಷಧಿ ಮೈಗೆ ಆಗಲಿಲ್ಲ. ಇನ್ನೊಂದು, ಯಾರೂ ತಾವಾಗಿ ಹೇಳದ್ದು: ಜೆಲಟಿನ್ ಅನ್ನೋ ದ್ರಾವಣ ದನದ ಮೂಳೆ, ಚರ್ಮದಿಂದ ಬರತ್ತೆ, ಆಲ್ಬುಮಿನ್ ಮನುಷ್ಯರ ರಕ್ತದಿಂದ. ನಿಮ್ಮ ಮನೆಯ ಹಿರಿಯರಿಗೆ ಅದು ಮುಖ್ಯ ಆಗಿದ್ರೆ ಮುಂಚೆಯೇ ಹೇಳಿ, ನಾವು ಬೇರೆ ದಾರಿ ನೋಡ್ತೀವಿ. ಮಿಕ್ಕಂತೆ ಇದು ವಿಷಯ ತಿಳ್ಕೊಳ್ಳೋಕೆ ಬರೆದದ್ದು, ನಿಮ್ಮವರ ಚಿಕಿತ್ಸೆ ಅವರನ್ನ ನೋಡ್ತಿರೋ ಡಾಕ್ಟರರದ್ದೇ.

ಸಿಂಧನೂರಿನ ಹಿರಿಯರಿಗೆ ಕೊನೆಗೆ ಹೋಗಿದ್ದು ಆರ್‌ಎಲ್, ಒಂದು ಯೂನಿಟ್ ರಕ್ತ. ಆಲ್ಬುಮಿನ್ ಬೇಕಾಗಲಿಲ್ಲ. ಮೂರನೇ ದಿನ ವಾರ್ಡಿಗೆ ಬಂದರು. ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು, ಮಜ್ಜಿಗೆ, ಚಹಾ ಎಲ್ಲಾ ಸೇರಿ ಬೇಡ ಅಂತ ಹೇಳಿದ್ದಕ್ಕೆ ನನ್ನ ಮುಖ ನೋಡಿ, "ಸಾಹೇಬ್ರ, ನೀವು ಬಾಟ್ಲಿಗಟ್ಲೆ ಹಚ್ಚೀರಿ, ನನಗ ಒಂದು ತಂಬಿಗಿ ನೀರು ಕುಡಿಬ್ಯಾಡ ಅಂತೀರಲ್ರಿ!" ಅಂದ್ರು. ಉತ್ತರ ಕೊಡೋಕೆ ನನಗೆ ಸ್ವಲ್ಪ ಹೊತ್ತು ಬೇಕಾಯ್ತು. ಎಳನೀರಿನಲ್ಲಿ ಪೊಟ್ಯಾಶಿಯಂ ಹೆಚ್ಚು, ನಿಮ್ಮ ಮಾತ್ರೆಗಳ ಜೊತೆ ನಮ್ಮನ್ನ ಕೇಳದೆ ಬೇಡ ಅಂತಲೂ ಹೇಳಿದಾಗ ಮಗನ ಕಡೆ ತಿರುಗಿ ನೋಡಿದರು. ಅವನು ಅಷ್ಟರಲ್ಲಿ ಎರಡು ಎಳನೀರು ತಂದಿಟ್ಟಿದ್ದ.

ಮಗನಿಗೆ ಒಂದು ಕೆಲಸ ಕೊಟ್ಟಿದ್ದೆ. ದುಡ್ಡು ಖರ್ಚು ಮಾಡಲೇಬೇಕು ಅಂದ್ರೆ ಒಂದು ಒಳ್ಳೇ ತೂಕದ ಯಂತ್ರ ತಗೋ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ, ಅಪ್ಪನ್ನ ನಿಲ್ಲಿಸಿ ಬರ್ಕೋ. ಮೂರು ದಿನದಲ್ಲಿ ಎರಡು ಕಿಲೋ ಏರಿದ್ರೆ ಫೋನ್ ಮಾಡು, ರಾತ್ರಿ ಆದ್ರೂ ಸರಿ. ಹುಡುಗ ಅದಕ್ಕೊಂದು ಶೀಟ್ ಮಾಡಿ ಗ್ರಾಫ್ ಕೂಡ ಹಾಕಿದ್ದಾನೆ. ವಾರಕ್ಕೊಂದು ಸಲ ನನಗೆ ವಾಟ್ಸಾಪಿನಲ್ಲಿ ಬರತ್ತೆ. ಈ ವಾರದ್ದು 68.2, ಗೆರೆ ಹೆಚ್ಚುಕಡಿಮೆ ನೇರವಾಗೇ ಇದೆ.